ಮೆಲ್ಬರ್ನಿನ ಹಳೇ ಥಿಯೇಟರಲ್ಲಿ ಪ್ಯಾಂಟೊಮೈಮ್ ಹೇಗೆ ಆಡ್ತಿದ್ರು?

ಪ್ರಶ್ನೆ: ಸರ್, ನಾವು ಇರೋದು ಮೆಲ್ಬರ್ನಲ್ಲಿ. ಮೊನ್ನೆ ಸ್ಪ್ರಿಂಗ್ ಸ್ಟ್ರೀಟಿನ ಪ್ರಿನ್ಸೆಸ್ ಥಿಯೇಟರಿಗೆ ಹೋಗಿದ್ವಿ. ಹಿಂದೆ ಈ ಊರಲ್ಲಿ ಕ್ರಿಸ್ಮಸ್ ಮಾರನೇ ದಿನದಿಂದ ವಾರಗಟ್ಟಲೆ ಇಂಗ್ಲಿಷ್ ಪ್ಯಾಂಟೊಮೈಮ್ ನಡೀತಿತ್ತಂತೆ. ಡಿಸೆಂಬರ್ ಅಂದ್ರೆ ಇಲ್ಲಿ ಸುಡುಬಿಸಿಲು, ಕರೆಂಟ್ ಬೇರೆ ಇರ್ಲಿಲ್ಲ, ಅಂಥದ್ರಲ್ಲಿ ಆ ಮಾಯಾಜಾಲ ಎಲ್ಲ ಹೇಗೆ ಮಾಡ್ತಿದ್ರು? ಗಂಡಸು ಹೆಂಗಸಿನ ವೇಷ, ಹುಡುಗಿ ಹೀರೋ ವೇಷ, ಇದೇನು ಪದ್ಧತಿ? ಇಂಡಿಯಾಗೂ ಇದು ಬಂದಿತ್ತಾ? ಡಿಸೆಂಬರಲ್ಲಿ ನಮ್ಮ ಕನ್ನಡ ಮಕ್ಕಳ ನಾಟಕ ಒಂದಿದೆ, ಆ ಕಾಲದ ಒಂದು ಟ್ರಿಕ್ ಆದ್ರೂ ನಾವು ಮಾಡಬಹುದಾ?

ಉತ್ತರ: ಕರೆಂಟ್ ವಿಷಯದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನೀವು ನೋಡಿ ಬಂದ ಕಟ್ಟಡಕ್ಕೆ ಕರೆಂಟ್ ಇತ್ತು. ಈಗಿರೋ ಪ್ರಿನ್ಸೆಸ್ ಓಪನ್ ಆಗಿದ್ದು 1886ರ ಡಿಸೆಂಬರ್ 18ಕ್ಕೆ, ವಿಲಿಯಂ ಪಿಟ್ ಅನ್ನೋ ಆರ್ಕಿಟೆಕ್ಟ್ ಕಟ್ಟಿದ್ದು, ಸ್ಟೇಜಿಗೆ ವಿದ್ಯುತ್ ದೀಪ ಹಾಕಿಸಿದ್ರು, ಅದಕ್ಕಿಂತ ಮುಖ್ಯ ಅಂದ್ರೆ ತಲೆ ಮೇಲಿನ ಛಾವಣಿಯೇ ಸರಿಸಿ ತೆಗೆಯೋ ಹಾಗೆ ಮಾಡಿದ್ರು. ಸೆಖೆ ಜಾಸ್ತಿ ಆದ್ರೆ ಛಾವಣಿ ತೆಗೆದು ಆಕಾಶ ಕಾಣೋ ಹಾಗೆ ಬಿಡೋದು. ಥಿಯೇಟರಿಗೆ ಇಂಥ ಛಾವಣಿ ಪ್ರಪಂಚದಲ್ಲೇ ಮೊದಲು ಅಂತಾರೆ. ಅದು ಶೋಕಿಗೆ ಮಾಡಿದ್ದಲ್ಲ. ಆ ಊರಿನ ಥಿಯೇಟರ್ ಧಣಿಗಳಿಗೆ ವರ್ಷದ ಅತಿ ದೊಡ್ಡ ಸೀಸನ್ ಬರ್ತಿದ್ದಿದ್ದೇ ನಡುಬೇಸಿಗೇಲಿ, ಆ ಸೀಸನ್ ಹೆಸರೇ ಪ್ಯಾಂಟೊಮೈಮ್.

ಆದ್ರೆ ಪ್ಯಾಂಟೊಮೈಮ್ ಭರಾಟೆ ಪ್ರಿನ್ಸೆಸ್ಸಿಗಿಂತ ಹಳೇದು. ಬೋರ್ಕ್ ಸ್ಟ್ರೀಟಲ್ಲಿ ಥಿಯೇಟರ್ ರಾಯಲ್ ಅಂತ ಒಂದಿತ್ತು. 1855ರಲ್ಲಿ ಶುರು ಆಗಿದ್ದು, ಮೂರು ಸಾವಿರಕ್ಕೂ ಮೇಲೆ ಜನ ಹಿಡೀತಿತ್ತು, 1872ರಲ್ಲಿ ಸುಟ್ಟು ಬೂದಿ ಆಯ್ತು, ಅದೇ ವರ್ಷ ಮತ್ತೆ ಕಟ್ಟಿ ನಿಲ್ಲಿಸಿದ್ರು, 1933ರಲ್ಲಿ ಕೆಡವಿದ್ರು. 1851ರಲ್ಲಿ ಚಿನ್ನ ಸಿಕ್ಕಿ ಊರು ಏಕ್‌ದಂ ಬೆಳೆದಿತ್ತಲ್ಲ, ಕೈಯಲ್ಲಿ ದುಡ್ಡಿರೋ, ಊರು ಬಿಟ್ಟು ಬಂದು ಹಬ್ಬದ ದಿನ ಮನೆ ನೆನಪಾಗೋ ಜನ ಸಾವಿರಾರು ಇದ್ರು. ಅವರಿಗೆ ಕ್ರಿಸ್ಮಸ್ ಅಂದ್ರೆ ಪ್ಯಾಂಟೊಮೈಮ್ ಇರಲೇಬೇಕು. ಲಂಡನ್ನಲ್ಲಿ ಡಿಸೆಂಬರ್ 26, ಅಂದ್ರೆ ಬಾಕ್ಸಿಂಗ್ ಡೇ ರಾತ್ರಿ ಹೊಸ ಪ್ಯಾಂಟೊ ಶುರು ಆಗ್ತಿತ್ತು, ಇಲ್ಲೂ ಅದೇ ದಿನವೇ ಶುರು ಆಗ್ತಿತ್ತು. ಹೊರಗೆ ಹಿಮ ಬೀಳ್ತಿದೆಯಾ ಬೆಂಕಿ ಸುರೀತಿದೆಯಾ ಅನ್ನೋದು ಕ್ಯಾಲೆಂಡರಿಗೆ ಸಂಬಂಧ ಇಲ್ಲ.

ಪ್ಯಾಂಟೊಮೈಮ್ ಅಂದ ತಕ್ಷಣ ಮುಖಕ್ಕೆ ಬಿಳಿ ಬಳ್ಕೊಂಡು ಮಾತಿಲ್ಲದೆ ಕೈ ಆಡಿಸೋದು ಅಂತ ತಿಳ್ಕೋಬೇಡಿ, ಇದು ಬಾಯಿ ಮುಚ್ಚದ ನಾಟಕ. ಅಲ್ಲಾದೀನ್, ಸಿಂಡ್ರೆಲಾ, ಸಿಂದಬಾದ್, ನಲವತ್ತು ಕಳ್ಳರು, ಎಲ್ಲರಿಗೂ ಗೊತ್ತಿರೋ ಕಥೆ ಒಂದನ್ನ ಎತ್ಕೊಳ್ಳೋದು, ಅದಕ್ಕೆ ಪ್ರಾಸದ ಮಾತು, ಆ ವರ್ಷದ ಹಿಟ್ ಹಾಡು, ಡಾನ್ಸು, ಊರಿನ ರಾಜಕಾರಣಿಗಳ ಮೇಲೆ ಗೇಲಿ ಎಲ್ಲ ತುಂಬೋದು. ಹಳೇ ಕ್ರಮದಲ್ಲಿ ಎರಡು ಭಾಗ ಇರ್ತಿತ್ತು. ಮೊದಲು ಕಥೆ. ಕಥೆ ಎಲ್ಲೋ ಇಕ್ಕಟ್ಟಿಗೆ ಸಿಕ್ಕಾಗ ಯಕ್ಷಿಣಿ ರಾಣಿ ಬಂದು ಮಂತ್ರದಂಡ ಆಡಿಸ್ತಾಳೆ, ಇಡೀ ಸ್ಟೇಜು ಕಣ್ಣೆದುರೇ ಬೇರೆ ಲೋಕ ಆಗುತ್ತೆ. ಆಮೇಲೆ ಪ್ರೇಮಿಗಳೇ ಹಾರ್ಲೆಕ್ವಿನ್, ಕೊಲಂಬೈನ್ ಅಂತ ಬದಲಾಗಿ, ಜೊತೆಗೆ ಮುದುಕ ಪ್ಯಾಂಟಲೂನು, ಕ್ಲೌನು ಸೇರ್ಕೊಂಡು ಅರ್ಧ ಗಂಟೆ ಓಡಾಟ ಹೊಡೆದಾಟ, ಪೊಲೀಸನಿಗೆ ಏಟು, ಅಂಗಡಿಯಿಂದ ಸಾಸೇಜ್ ಕದಿಯೋದು. ಈ ಎರಡನೇ ಭಾಗಕ್ಕೆ ಹಾರ್ಲೆಕ್ವಿನೇಡ್ ಅಂತಿದ್ರು. ಜೋಸೆಫ್ ಗ್ರಿಮಾಲ್ಡಿ ಅನ್ನೋ ಲಂಡನ್ನಿನ ಮಹಾ ಕ್ಲೌನ್ 1837ರಲ್ಲಿ ತೀರಿಕೊಂಡ, ಅವನ ಕಾಲದಲ್ಲಿ ಜನ ಇದಕ್ಕೇ ಬರ್ತಿದ್ರು, ಆಮೇಲಾಮೇಲೆ ಅದು ಬಾಲದ ಹಾಗೆ ಚಿಕ್ಕದಾಗ್ತಾ ಬಂತು, ಕಥೆ ಮತ್ತು ಸೀನು ಬೆಳೀತು.

ನನ್ನ ಕೇಳಿದ್ರೆ ಕಥೆ ಬರೀ ನೆಪ. ಟಿಕೆಟ್ ಮಾರ್ತಿದ್ದಿದ್ದು ಎರಡೇ, ಒಂದು ಸ್ಟೇಜ್ ಕೆಳಗಿನ ಯಂತ್ರ, ಇನ್ನೊಂದು ಊರಿನ ಜೋಕು. ಈ ಎರಡೂ ಯಾವ ಊರಿಗೆ ಬೇಕಾದ್ರೂ ಹೊಂದುತ್ತೆ, ಅದಕ್ಕೇ ಲಂಡನ್ನಿನ ಚಳಿಗಾಲದ ಆಟ ಮೆಲ್ಬರ್ನಿನ ಬೇಸಿಗೇಲಿ ಅಷ್ಟು ಸಲೀಸಾಗಿ ನಿಂತಿದ್ದು.

ಯಂತ್ರದ ವಿಷಯಕ್ಕೆ ಬರೋಣ, ನಂಗೆ ಇಷ್ಟವಾದ ಭಾಗ ಇದು. ವಿಕ್ಟೋರಿಯನ್ ಕಾಲದ ಸ್ಟೇಜು ಅಂದ್ರೆ ಈಗಿನ ಹಾಗೆ ಗಟ್ಟಿ ನೆಲ ಅಲ್ಲ. ಹಲಗೆಗಳನ್ನ ಪಕ್ಕಕ್ಕೆ ಸರಿಸಿ ಉದ್ದುದ್ದ ಸಂದು ಮಾಡಬಹುದಿತ್ತು, ಅದ್ರಿಂದ ಬಣ್ಣ ಬಳಿದ ಸೀನರಿ ಮೇಲೆ ಎದ್ದು ಬರ್ತಿತ್ತು, ಅಲ್ಲಲ್ಲಿ ಚೌಕ ಕಿಂಡಿಗಳು, ಅದಕ್ಕೆ ಟ್ರ್ಯಾಪ್ ಅಂತಿದ್ರು. ಅದ್ರಲ್ಲಿ ಅತಿ ಅಪಾಯದ್ದು ಸ್ಟಾರ್ ಟ್ರ್ಯಾಪ್. ನೆಲದಲ್ಲಿ ದುಂಡನೆ ತೂತು, ಅದನ್ನ ಮುಚ್ಚೋಕೆ ತ್ರಿಕೋನದ ಹಲಗೆ ತುಂಡುಗಳು, ಪ್ರತಿ ತುಂಡಿನ ಬುಡಕ್ಕೆ ಚರ್ಮದ ಕೀಲು, ಎಲ್ಲದರ ಚೂಪು ತುದಿ ನಡುಮಧ್ಯ ಸೇರುತ್ತೆ, ಮೇಲಿಂದ ನೋಡಿದ್ರೆ ನಕ್ಷತ್ರದ ಆಕಾರ. ಅದರ ಕೆಳಗೆ ಒಬ್ಬ ನಿಲ್ಲೋ ಅಷ್ಟು ಸಣ್ಣ ಹಲಗೆ, ಹಲಗೆಗೆ ಹಗ್ಗ, ಹಗ್ಗ ರಾಟೆ ಮೇಲಿಂದ ಹಾದು ಆ ಕಡೆ ಕಬ್ಬಿಣದ ತೂಕಕ್ಕೆ. ನಟ ಕೈ ಕಾಲು ಬಿಗಿಹಿಡ್ಕೊಂಡು ಸೆಟೆದು ನಿಲ್ತಾನೆ, ಕೆಳಗಿನ ಆಳುಗಳು ಹಗ್ಗ ಜಗ್ಗಿ ತೂಕ ಬಿಟ್ರು ಅಂದ್ರೆ ಅವನು ತಲೆ ಮೊದಲಾಗಿ ತೂತಿಂದ ಚಿಮ್ಮಿ ಗಾಳೀಲಿ ಹಾರಿ ಬರ್ತಾನೆ. ಅವನು ಕಾಲೂರೋ ಅಷ್ಟರಲ್ಲಿ ತ್ರಿಕೋನಗಳು ಪಟಪಟ ಅಂತ ಬಿದ್ದು ತೂತು ಮುಚ್ಚಿರುತ್ತೆ. ಗ್ಯಾಲರಿಯಲ್ಲಿ ಕೂತವನಿಗೆ ಗಟ್ಟಿ ನೆಲದಿಂದ ದೆವ್ವ ಎದ್ದು ಬಂದ ಹಾಗೆ. ತೂಕದ ಲೆಕ್ಕ ಅವನ ಮೈತೂಕಕ್ಕೆ ಸರಿಯಾಗಿ ಇರಬೇಕು, ಕಮ್ಮಿ ಆದ್ರೆ ಅರ್ಧಕ್ಕೇ ಸಿಕ್ಕಿಹಾಕ್ಕೋತಾನೆ, ಮೊಳಕೈ ಸ್ವಲ್ಪ ಹೊರಗೆ ಚಾಚಿದ್ರೂ ಚರ್ಮ ಸುಲಿದು ಹೋಗುತ್ತೆ. ದೆವ್ವದ ರಾಜ ಬರೋದು ಹೀಗೆ, ಕೆಂಪೋ ಹಸಿರೋ ಬೆಳಕಲ್ಲಿ, ಯಕ್ಷಿಣಿ ಮಾತ್ರ ಎದುರು ಬದಿಯಿಂದ ಆರಾಮಾಗಿ ನಡ್ಕೊಂಡು ಬರ್ತಾಳೆ. ಒಳ್ಳೇವರು ಬಲಗಡೆಯಿಂದ, ಕೆಟ್ಟೋರು ಎಡಗಡೆಯಿಂದ ಅನ್ನೋ ನಿಯಮ ಇಂಗ್ಲೆಂಡಿನ ಪ್ಯಾಂಟೋದಲ್ಲಿ ಇವತ್ತಿಗೂ ಪಾಲಿಸ್ತಾರೆ.

ಟ್ರ್ಯಾಪ್ ಅಂದ್ಮೇಲೆ ಫೆಡೆರಿಚಿ ಕಥೆ ಬಿಡೋಕಾಗಲ್ಲ, ನಿಮಗೂ ಪ್ರಿನ್ಸೆಸ್ಸಲ್ಲಿ ಹೇಳೇ ಇರ್ತಾರೆ. ಅದು ಪ್ಯಾಂಟೊ ಅಲ್ಲ, ಫೌಸ್ಟ್ ಅನ್ನೋ ಆಪೆರಾ. 1888ರ ಮಾರ್ಚ್ 3, ಫ್ರೆಡರಿಕ್ ಫೆಡೆರಿಚಿ ಅನ್ನೋ ಗಾಯಕ ಸೈತಾನನ ಪಾತ್ರದಲ್ಲಿದ್ದ, ಕೊನೇ ಸೀನಲ್ಲಿ ಟ್ರ್ಯಾಪ್ ಮೇಲೆ ನಿಂತು ನರಕಕ್ಕೆ ಇಳೀಬೇಕು. ಇಳಿದ, ಇಳಿಯೋವಾಗಲೇ ಹಾರ್ಟ್ ಅಟ್ಯಾಕ್ ಆಗಿ ಸ್ಟೇಜ್ ಕೆಳಗೇ ಹೋಗಿಬಿಟ್ಟ. ಮೇಲೆ ಜನ ಚಪ್ಪಾಳೆ ಹೊಡೀತಿದ್ರು. ಅವನ ಭೂತ ಇದೆ ಅಂತ ಹೇಳಿ ಓಪನಿಂಗ್ ನೈಟ್ ಅವನಿಗೊಂದು ಸೀಟ್ ಖಾಲಿ ಬಿಡೋ ರೂಢಿ ಕೂಡ ಇತ್ತು. ಭೂತ ಬಿಡಿ, ನನ್ನ ಗಮನ ಹೋಗೋದು ಟ್ರ್ಯಾಪ್ ಕೆಳಗೆ ಹಗ್ಗ ಹಿಡ್ಕೊಂಡಿದ್ದವರ ಕಡೆಗೆ, ಮೊದಲು ಗೊತ್ತಾಗಿದ್ದು ಅವರಿಗೆ, ಅವರ ಹೆಸರು ಯಾರೂ ಹೇಳಲ್ಲ.

ಇನ್ನು ಆ ಲೋಕ ಬದಲಾಗೋ ಸೀನು, ಟ್ರಾನ್ಸ್‌ಫರ್ಮೇಷನ್ ಸೀನ್. ಇದು ಈಗಿನ ಸಿನಿಮಾ ಗ್ರಾಫಿಕ್ಸ್ ಥರ ಎರಡು ಸೆಕೆಂಡಲ್ಲಿ ಮುಗಿಯೋದಲ್ಲ, ಹದಿನೈದಿಪ್ಪತ್ತು ನಿಮಿಷ ನಿಧಾನಕ್ಕೆ ಬಿಚ್ಕೊಳ್ತಾ ಹೋಗೋದು, ಜನ ಉಸಿರು ಬಿಗಿಹಿಡಿದು ನೋಡ್ತಾ ಕೂರೋರು. 1849ರಲ್ಲಿ ಲಂಡನ್ನಿನ ಲೈಸಿಯಂ ಥಿಯೇಟರಲ್ಲಿ ವಿಲಿಯಂ ಬೆವರ್ಲಿ ಅನ್ನೋ ಪೇಂಟರು ಒಂದು ಮರದ ಎಲೆಗಳು ಒಂದೊಂದೇ ಬಾಗಿ ಬಿಚ್ಕೊಂಡು ಒಳಗೆ ಯಕ್ಷಿಣಿಯರು ಕಾಣೋ ಹಾಗೆ ಮಾಡಿದ, ಅಲ್ಲಿಂದ ಈ ಹುಚ್ಚು ಹತ್ತಿಕೊಳ್ತು. ಮೆಲ್ಬರ್ನಲ್ಲಿ ಈ ಕೆಲಸಕ್ಕೆ ಹೆಸರಾದವನು ಜಾನ್ ಹೆನ್ನಿಂಗ್ಸ್, ಜರ್ಮನಿಯಿಂದ ಬಂದವನು. ಒಂದರ ಹಿಂದೆ ಒಂದು ತೆಳು ಜಾಲರಿ ಬಟ್ಟೆ, ಕತ್ತರಿಸಿದ ಕ್ಯಾನ್ವಾಸು, ಮೇಲಕ್ಕೆ ಹೋಗೋವು ಕೆಲವು, ನೆಲದೊಳಕ್ಕೆ ಮುಳುಗೋವು ಕೆಲವು, ಇಬ್ಭಾಗ ಆಗಿ ಪಕ್ಕಕ್ಕೆ ಸರಿಯೋವು ಕೆಲವು, ತಗಡಿನ ಮಿನುಗು, ಕಡೆಗೆ ಹಿಂದುಗಡೆ ಮೇಲಿಂದ ಕೆಳಗಿನವರೆಗೂ ಹುಡುಗಿಯರು ಗಾಳೀಲಿ ತೇಲ್ತಿರೋ ಹಾಗೆ. ಅವರು ತೇಲ್ತಿರ್ಲಿಲ್ಲ. ಕಬ್ಬಿಣದ ಚೌಕಟ್ಟಿಗೆ ಸೊಂಟಕ್ಕೆ ಬೆಲ್ಟ್ ಹಾಕಿ ಕಟ್ಟಿರ್ತಿದ್ರು, ಆ ಕಬ್ಬಿಣ ಹೂವು ಮೋಡದ ಹಿಂದೆ ಮರೆಯಾಗಿರ್ತಿತ್ತು. ಸ್ಟೇಜಿನ ಮೇಲ್ಭಾಗದಲ್ಲಿ, ಗ್ಯಾಸ್ ದೀಪದ ಕಾವೆಲ್ಲ ಬಂದು ಸೇರೋ ಜಾಗದಲ್ಲಿ, ನಗುಮುಖ ಇಟ್ಕೊಂಡು ಅಷ್ಟು ಹೊತ್ತು ಅಲ್ಲಾಡದೆ ಇರಬೇಕು. ಮೆಲ್ಬರ್ನಿನ ನಲವತ್ತು ಡಿಗ್ರಿ ದಿನಗಳಲ್ಲಿ ಅದು ಹೇಗಿರಬಹುದು ಅಂತ ನೀವೇ ಯೋಚನೆ ಮಾಡಿ, ಆ ಊರಿನ ಬಿಸಿಗಾಳಿ ನಿಮಗೇ ಗೊತ್ತು.

ಬಣ್ಣದ ಕೆಲಸವೂ ಸೆಖೆ ಜೊತೆ ಗುದ್ದಾಟವೇ. ಆಗಿನ ಸೀನರಿಗೆ ಎಣ್ಣೆ ಬಣ್ಣ ಅಲ್ಲ, ಬಣ್ಣದ ಪುಡಿಯನ್ನ ಪ್ರಾಣಿ ಮೂಳೆ ಚರ್ಮ ಬೇಯಿಸಿ ತೆಗೆದ ಬಿಸಿ ಅಂಟಿನಲ್ಲಿ ಕಲಸಿ ಬಳಿಯೋದು. ಹಸಿ ಇದ್ದಾಗ ಗಾಢ, ಒಣಗಿದ ಮೇಲೆ ಎಷ್ಟೋ ತಿಳಿ, ಪೇಂಟರ್ ಅದನ್ನ ಮನಸ್ಸಲ್ಲೇ ಲೆಕ್ಕ ಹಾಕ್ಕೊಂಡು ಬಳೀಬೇಕು. ಆ ಅಂಟು ಬೇಸಿಗೇಲಿ ಬೇಗ ಕೆಟ್ಟು ನಾರುತ್ತೆ.

ಕರೆಂಟ್ ಬರೋ ಮುಂಚೆ ಬೆಳಕು ಹೇಗೆ ಅಂದ್ರೆ, ಮುಂಚೂಣಿಯಲ್ಲಿ ಸಾಲಾಗಿ ಗ್ಯಾಸ್ ದೀಪ, ಪಕ್ಕದಲ್ಲಿ, ಮೇಲೆ ಕೂಡ ಗ್ಯಾಸು, ಎಲ್ಲದರ ಕೊಳಾಯಿ ಒಂದು ಕಡೆ ಬಂದು ಸೇರಿ ಒಬ್ಬನೇ ಆಳು ತಿರುಪು ತಿರುಗಿಸಿ ಜಾಸ್ತಿ ಕಮ್ಮಿ ಮಾಡಬಹುದಿತ್ತು. ಒಬ್ಬರ ಮೇಲೇ ಪ್ರಖರವಾಗಿ ಬೀಳಬೇಕು ಅಂದ್ರೆ ಲೈಮ್‌ಲೈಟ್. ಆಕ್ಸಿಜನ್ ಹೈಡ್ರೋಜನ್ ಸೇರಿ ಉರಿಯೋ ಜ್ವಾಲೆಯನ್ನ ಸುಣ್ಣದ ಒಂದು ಸಣ್ಣ ಉರುಳೆಗೆ ಹಿಡೀತಾರೆ, ಸುಣ್ಣ ಕಾದು ಕಣ್ಣು ಕೋರೈಸೋ ಬಿಳಿ ಬೆಳಕು ಕೊಡುತ್ತೆ. ಒಂದೇ ಕಡೆ ಹಿಡಿದ್ರೆ ಸುಣ್ಣದಲ್ಲಿ ಗುಳಿ ಬೀಳುತ್ತೆ, ಹಾಗಾಗಿ ಲೈಮ್‌ಲೈಟ್ ಆಳು ಆಟ ಪೂರ್ತಿ ಅದನ್ನ ಸ್ವಲ್ಪ ಸ್ವಲ್ಪ ತಿರುಗಿಸ್ತಾನೇ ಇರಬೇಕು. ಗ್ಯಾಸು ದೊಡ್ಡ ರಬ್ಬರ್ ಬಟ್ಟೆಯ ಚೀಲಗಳಲ್ಲಿ, ಮೇಲೆ ಹಲಗೆ ಇಟ್ಟು ತೂಕ ಹೇರಿ ಒತ್ತಡ ಕೊಡೋದು. ಕೊನೇ ಸೀನಿಗೆ ಬಣ್ಣದ ಬೆಂಕಿ ಬೇರೆ, ಸ್ಟ್ರಾನ್ಷಿಯಂ ಹಾಕಿದ ಪುಡಿ ಕೆಂಪಗೆ ಉರಿಯುತ್ತೆ, ಬೇರಿಯಂ ಹಾಕಿದ್ದು ಹಸಿರಾಗಿ, ಹೊಗೆ ಹಾಲ್ ತುಂಬಾ. ಜನ ಕೆಮ್ತಾ ಕೆಮ್ತಾ ಹೊರಗೆ ಬರೋರು. ಪ್ರಿನ್ಸೆಸ್ಸಿನ ತೆರೆಯೋ ಛಾವಣಿ ಸೆಖೆಗಷ್ಟೇ ಅಲ್ಲ, ಈ ಹೊಗೆಗೂ ಉಪಯೋಗಕ್ಕೆ ಬಂದಿರಬೇಕು ಅಂತ ನಂಗನ್ನಿಸುತ್ತೆ.

ಇಷ್ಟು ಬಟ್ಟೆ, ಇಷ್ಟು ಬೆಂಕಿ ಒಂದೇ ಕಡೆ ಇಟ್ರೆ ಏನಾಗುತ್ತೆ ಅನ್ನೋದಕ್ಕೆ ಆಸ್ಟ್ರೇಲಿಯಾದ ಹೊರಗಿನ ಒಂದು ಉದಾಹರಣೆ ಸಾಕು. 1903ರ ಡಿಸೆಂಬರ್ 30, ಶಿಕಾಗೋದ ಇರೊಕ್ವಾ ಥಿಯೇಟರು, ಮಧ್ಯಾಹ್ನದ ಶೋ, ಹಾಲ್ ತುಂಬಾ ಹೆಂಗಸರು ಮಕ್ಕಳು. ಆಡ್ತಿದ್ದಿದ್ದು ಲಂಡನ್ನಿನ ಡ್ರೂರಿ ಲೇನ್ ಥಿಯೇಟರಿಂದ ಅಮೆರಿಕಾಗೆ ತಂದ ಬ್ಲೂಬಿಯರ್ಡ್ ಪ್ಯಾಂಟೊಮೈಮ್. ಆರ್ಕ್ ದೀಪದ ಕಿಡಿ ಬಟ್ಟೆಗೆ ತಗುಲಿತು, ಬೆಂಕಿ ತಡೆಯೋ ಪರದೆ ಅರ್ಧಕ್ಕೇ ಸಿಕ್ಕಿಹಾಕ್ಕೊಳ್ತು, ಆರುನೂರಕ್ಕೂ ಹೆಚ್ಚು ಜನ ಸತ್ರು. ಇವತ್ತು ಯಾವುದೇ ಹಾಲ್ ಬುಕ್ ಮಾಡೋಕೆ ಹೋದ್ರೂ ಎಕ್ಸಿಟ್ ಬಾಗಿಲು ಹೊರಗಡೆಗೆ ತೆರೀಬೇಕು, ದಾರಿಗೆ ಅಡ್ಡ ಕುರ್ಚಿ ಹಾಕಬೇಡಿ ಅಂತ ಕಿರಿಕಿರಿ ಮಾಡ್ತಾರಲ್ಲ, ಅದರ ಹಿಂದೆ ಇಂಥ ಸಾವುಗಳಿವೆ.

ಈಗ ವೇಷದ ಪ್ರಶ್ನೆ. ಗಂಡಸು ಹಾಕೋ ಹೆಂಗಸಿನ ವೇಷಕ್ಕೆ ಡೇಮ್ ಅಂತಾರೆ, ಸಾಮಾನ್ಯವಾಗಿ ಹೀರೋ ಅಮ್ಮ, ಬಡವಿ, ವಾಚಾಳಿ, ಮದುವೆ ಆಸೆ ಇನ್ನೂ ಬಿಟ್ಟಿರದವಳು. ಅಲ್ಲಾದೀನನ ಅಮ್ಮ ವಿಡೋ ಟ್ವಾಂಕಿ, 1861ರ ಲಂಡನ್ ನಾಟಕಕ್ಕೆ ಎಚ್. ಜೆ. ಬೈರನ್ ಇಟ್ಟ ಹೆಸರು, ಆಗ ಚೀನಾದಿಂದ ಬರ್ತಿದ್ದ ಒಂದು ಟೀಪುಡಿಯ ಮೇಲಿಂದ. ನಮ್ಮ ಕಂಪನಿ ನಾಟಕದ ಸ್ತ್ರೀ ಪಾತ್ರಧಾರಿಗಳ ಜೊತೆ ಇದನ್ನ ಸೇರಿಸಬೇಡಿ. ನಮ್ಮವರು ಸೀರೆ ಉಟ್ಟು ಬಂದ್ರೆ ಹೆಂಗಸರೇ ನಾಚಬೇಕು, ಗಂಡಸು ಅನ್ನೋದು ಮರೆತೇ ಹೋಗಬೇಕು ಅನ್ನೋದು ಗುರಿ. ಡೇಮ್ ಹಾಗಲ್ಲ, ಸ್ಕರ್ಟ್ ಕೆಳಗೆ ಬೂಟ್ಸು ಕಾಣಬೇಕು, ದನಿ ಗಡಸಾಗೇ ಇರಬೇಕು, ಇವನು ಗಂಡಸು ಅಂತ ಎಲ್ಲರಿಗೂ ಗೊತ್ತಿರೋದೇ ತಮಾಷೆ. ಡ್ರೂರಿ ಲೇನಲ್ಲಿ ಡ್ಯಾನ್ ಲೀನೋ ಅನ್ನೋ ನಟ 1888ರಿಂದ ಹದಿನೈದು ವರ್ಷ ಇದನ್ನ ಬೇರೇ ಮಟ್ಟಕ್ಕೆ ತಗೊಂಡು ಹೋದ, ಬರೀ ಗೇಲಿ ಆಗಿದ್ದ ಪಾತ್ರಕ್ಕೆ ಬಡ ಹೆಂಗಸರ ನಿಜವಾದ ಗೊಣಗಾಟ ತಂದ.

ಹುಡುಗಿ ಹೀರೋ ಆಗೋದಕ್ಕೆ ಪ್ರಿನ್ಸಿಪಲ್ ಬಾಯ್ ಅಂತ ಹೆಸರು. ಇದಕ್ಕೆ ಆಳವಾದ ಕಾರಣ ಹುಡುಕೋ ಪಂಡಿತರು ಇದ್ದಾರೆ, ಆದ್ರೆ ನೇರ ಕಾರಣ ಕಾಲು ಅಷ್ಟೇ. ಹೆಂಗಸರು ಪಾದದವರೆಗೆ ಮುಚ್ಕೊಂಡು ಓಡಾಡೋ ಕಾಲದಲ್ಲಿ ಹೀರೋ ವೇಷದ ನೆಪದಲ್ಲಿ ಬಿಗಿ ಟೈಟ್ಸ್ ಹಾಕಿದ ನಟಿಯನ್ನ ಮನೆಮಂದಿಯೆಲ್ಲ ಕೂತು ನೋಡಬಹುದಿತ್ತು, ಮಕ್ಕಳ ನಾಟಕ ತಾನೇ. ಆದ್ರೆ ನಟಿಯರು ಇದನ್ನ ಬರೀ ಕಾಲು ತೋರಿಸೋ ಕೆಲಸವಾಗಿ ಬಿಡಲಿಲ್ಲ, ತೊಡೆ ತಟ್ಟಿ, ಸೊಂಟದ ಮೇಲೆ ಕೈ ಇಟ್ಟು ಇಡೀ ಸ್ಟೇಜ್ ಆಳಿದ್ರು. ಮೆಲ್ಬರ್ನಲ್ಲಿ ಬೆಳೆದ ಹುಡುಗಿ ನೆಲ್ಲಿ ಸ್ಟೂವರ್ಟ್ ಸಿಂದಬಾದ್ ಪ್ಯಾಂಟೋದಿಂದಲೇ ಮೇಲೆ ಬಂದು ಆಸ್ಟ್ರೇಲಿಯಾದ ಅತಿ ದೊಡ್ಡ ಸ್ಟಾರ್ ಆದಳು. ಹೆಂಗಸರೇ ಗಂಡು ಪಾತ್ರ ಮಾಡಿ ಗೆದ್ದಿದ್ದು ನಮಗೂ ಹೊಸದಲ್ಲ ಬಿಡಿ, ಆರ್. ನಾಗರತ್ನಮ್ಮ ಅವರ ಸ್ತ್ರೀ ನಾಟಕ ಮಂಡಳಿಯಲ್ಲಿ ಅವರದೇ ಕಂಸ ನೋಡಿದವರು ಇನ್ನೂ ಇದ್ದಾರೆ. ಅದು ಪೂರಾ ಬೇರೆ ದಾರಿ, ಅಲ್ಲಿ ತಮಾಷೆಯೂ ಇಲ್ಲ ಟೈಟ್ಸೂ ಇಲ್ಲ, ಕಂಸ ಅಂದ್ರೆ ಕಂಸನೇ.

ಊರಿನ ಜೋಕು ಅಂದೆನಲ್ಲ, ಅದಕ್ಕೆ ಅತ್ಯುತ್ತಮ ಸಾಕ್ಷಿ 1873ರ ಕ್ರಿಸ್ಮಸ್ ಪ್ಯಾಂಟೊ. ಗಾರ್ನೆಟ್ ವಾಲ್ಚ್ ಬರೆದಿದ್ದು, ಹೆಸರು ‘ಆಸ್ಟ್ರೇಲಿಯಾ ಫೆಲಿಕ್ಸ್, ಆರ್ ಹಾರ್ಲೆಕ್ವಿನ್ ಲಾಫಿಂಗ್ ಜಾಕಸ್ ಅಂಡ್ ದ ಮ್ಯಾಜಿಕ್ ಬ್ಯಾಟ್’. ಲಾಫಿಂಗ್ ಜಾಕಸ್ ಅಂದ್ರೆ ನಿಮ್ಮ ಹಿತ್ತಲಲ್ಲಿ ಕೂತು ಕಿಸಿಕಿಸಿ ನಗೋ ಕೂಕಬರಾ ಹಕ್ಕಿ. ಇಂಗ್ಲೆಂಡಿನ ಹಾರ್ಲೆಕ್ವಿನ್ ಕೈಯಲ್ಲಿ ಎರಡು ಮರದ ಪಟ್ಟಿ ಜೋಡಿಸಿದ ಒಂದು ಮಾಯದ ಕೋಲು ಇರುತ್ತೆ, ಅದರಿಂದ ಫಟ್ ಅಂತ ಬಡಿದ್ರೆ ಸೀನು ಬದಲಾಗುತ್ತೆ. ವಾಲ್ಚ್ ಆ ಮಾಯೆಯನ್ನ ಕ್ರಿಕೆಟ್ ಬ್ಯಾಟಿಗೆ ಕೊಟ್ಟ! ಸುಮ್ಮನೆ ಕೊಟ್ಟಿದ್ದಲ್ಲ, ಆ ಬೇಸಿಗೆ ಡಬ್ಲ್ಯು. ಜಿ. ಗ್ರೇಸ್ ತನ್ನ ಇಂಗ್ಲೆಂಡ್ ತಂಡ ಕರ್ಕೊಂಡು ಬಂದಿದ್ದ, ಬಾಕ್ಸಿಂಗ್ ಡೇಗೆ ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಲ್ಲಿ ವಿಕ್ಟೋರಿಯಾದ ಹದಿನೆಂಟು ಜನರ ಮೇಲೆ ಮ್ಯಾಚ್ ಶುರು, ಗ್ರೇಸ್ ತಂಡ ಇನಿಂಗ್ಸ್ ಸೋಲು ಸೋಲ್ತು. ಹಗಲು ಗ್ರೌಂಡಲ್ಲಿ ನೋಡಿದ್ದನ್ನ ರಾತ್ರಿ ಸ್ಟೇಜ್ ಮೇಲೆ ಬೇರೆ ರೂಪದಲ್ಲಿ ನೋಡೋ ಸುಖ. ಕ್ರಿಕೆಟ್ಟಿಗೂ ಥಿಯೇಟರಿಗೂ ಆ ಊರಲ್ಲಿ ಮೊದಲಿಂದ ನಂಟು, 1861ರಲ್ಲಿ ಇಂಗ್ಲೆಂಡಿನ ಮೊದಲ ಕ್ರಿಕೆಟ್ ತಂಡವನ್ನ ಆಸ್ಟ್ರೇಲಿಯಾಗೆ ಕರೆಸಿದ್ದು ಸ್ಪಿಯರ್ಸ್ ಅಂಡ್ ಪಾಂಡ್ ಅನ್ನೋ ಹೋಟೆಲಿನವರು, ಅವರ ಕೆಫೆ ಇದ್ದಿದ್ದು ಇದೇ ಥಿಯೇಟರ್ ರಾಯಲ್ ಒಳಗೆ.

ಹೀಗೆ ಹಿಮದ ಜಾಗಕ್ಕೆ ಫರ್ನ್ ಕಣಿವೆ ಬಂತು, ಯಕ್ಷಿಣಿಯರ ಕಾಡಿಗೆ ವಾಟಲ್ ಹೂ ಬಂತು, ಕಾಂಗರೂ ಎಮು ಕುಣಿದ್ವು. ಅತ್ತ ಜೆ. ಸಿ. ವಿಲಿಯಂಸನ್ ಅನ್ನೋ ಅಮೆರಿಕನ್ ಧಣಿ ದೊಡ್ಡ ಬಂಡವಾಳ ಹಾಕಿ 1895ರ ಬಾಕ್ಸಿಂಗ್ ಡೇಗೆ ಪ್ರಿನ್ಸೆಸ್ಸಲ್ಲಿ ‘ಜಿನ್ ಜಿನ್’ ಅಂತ ಜಪಾನಿ ದೆವ್ವದ ಕಥೆ ಆಡಿಸಿದ, ಇಂಗ್ಲೆಂಡಿನ ಕಥೆಗಳ ಹಂಗೇ ಬೇಡ ಅಂತ. ಇಷ್ಟು ಖರ್ಚು ಒಂದೇ ಊರಲ್ಲಿ ಹುಟ್ಟಲ್ಲ, ಕ್ರಿಸ್ಮಸ್ಸಿಗೆ ಮೆಲ್ಬರ್ನಲ್ಲಿ ಆಡಿದ್ದನ್ನ ಈಸ್ಟರಿಗೆ ಸಿಡ್ನಿಗೆ ಸಾಗಿಸೋದು ರೂಢಿ ಆಯ್ತು. ರೈಲು ಇತ್ತು, 1883ರಲ್ಲಿ ಎರಡೂ ಕಡೆ ಹಳಿ ಆಲ್ಬರಿಯಲ್ಲಿ ಸೇರಿದ್ವು, ಆದ್ರೆ ವಿಕ್ಟೋರಿಯಾದ ಗೇಜ್ ಬೇರೆ, ನ್ಯೂ ಸೌತ್ ವೇಲ್ಸಿನ ಗೇಜ್ ಬೇರೆ, ರೈಲಲ್ಲಿ ಹೋದ ಯಾವ ಸಾಮಾನಾದ್ರೂ ಅಲ್ಲಿ ಇಳಿಸಿ ಮತ್ತೆ ಹತ್ತಿಸಬೇಕು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದ್ರೆ ಸರಿ ಆಗಲ್ಲ. ಈ ಊರಿನ ಜೋಕಲ್ಲಿ ಊರಿನ ವಿಷವೂ ಇತ್ತು. ಅಲ್ಲಾದೀನ್ ಕಥೆ ಚೀನಾದಲ್ಲಿ ನಡೆಯುತ್ತೆ ಅನ್ನೋ ನೆಪದಲ್ಲಿ, ಚಿನ್ನದ ಗಣಿಗೆ ಬಂದ ಚೀನೀಯರನ್ನ ಆಡಿಕೊಳ್ಳೋದು, ಮೂಲನಿವಾಸಿಗಳನ್ನ ಮುಖಕ್ಕೆ ಕಪ್ಪು ಬಳ್ಕೊಂಡು ಅಣಕಿಸೋದು ಮಾಮೂಲಿ ನಗು ಆಗಿತ್ತು. 1901ರಲ್ಲಿ ಬಿಳಿಯರಲ್ಲದವರನ್ನ ಹೊರಗಿಡೋ ವಲಸೆ ಕಾನೂನು ಬಂತಲ್ಲ, ಅದನ್ನ ಮಾಡಿದ ತಲೆಮಾರು ಚಿಕ್ಕಂದಿನಲ್ಲಿ ಈ ಪ್ಯಾಂಟೊ ನೋಡೇ ಬೆಳೆದಿದ್ದು. ಹಳೇ ಸ್ಕ್ರಿಪ್ಟ್ ಸಿಕ್ಕಿದ್ರೆ ಮಕ್ಕಳಿಗೆ ಕೊಡೋ ಮುಂಚೆ ನೀವೊಮ್ಮೆ ಓದ್ಕೊಳ್ಳಿ.

ಇಂಡಿಯಾಗೆ ಬಂತಾ ಅಂದ್ರೆ, ಬಂತು, ಅದೂ ಸ್ವಲ್ಪ ಮೆಲ್ಬರ್ನ್ ದಾರಿಯಿಂದಲೇ. ಜಿ. ಬಿ. ಡಬ್ಲ್ಯು. ಲೂಯಿಸ್ ಮತ್ತು ಅವನ ಹೆಂಡತಿ ರೋಸ್ ಎಡೂಯಿನ್ ಅಂತ, ಆಸ್ಟ್ರೇಲಿಯಾದಲ್ಲಿ ಆಡ್ತಿದ್ದ ಜೋಡಿ, 1867ರ ಸುಮಾರಿಂದ ಚಳಿಗಾಲಕ್ಕೆ ಕಲ್ಕತ್ತಾಗೆ ಕಂಪನಿ ಕಟ್ಕೊಂಡು ಬರೋಕೆ ಶುರು ಮಾಡಿದ್ರು, ಮೊದಲು ಮೈದಾನದಲ್ಲಿ ತಾತ್ಕಾಲಿಕ ಥಿಯೇಟರು, ಆಮೇಲೆ ಚೌರಂಗಿಯಲ್ಲಿ ಸ್ವಂತ ಥಿಯೇಟರ್ ರಾಯಲ್. ಈಗ ಗ್ರ್ಯಾಂಡ್ ಹೋಟೆಲ್ ಇರೋ ಜಾಗದಲ್ಲಿ ಇತ್ತು ಅದು. ಅವರ ಮುಖ್ಯ ಸರಕು ಪ್ಯಾಂಟೊ ಜೊತೆಗೇ ಹುಟ್ಟಿದ ಬರ್ಲೆಸ್ಕ್, ಅಂದ್ರೆ ಪ್ರಾಸ, ಹಾಡು, ಟೈಟ್ಸ್ ಹಾಕಿದ ನಾಯಕಿ ಎಲ್ಲ ಇರೋದು. ಕಲ್ಕತ್ತಾದಲ್ಲಿ ಡಿಸೆಂಬರ್ ಹಿತವಾದ ಚಳಿ, ವೈಸರಾಯ್ ಕೂಡ ಸಿಮ್ಲಾದಿಂದ ಇಳಿದು ಬಂದಿರ್ತಿದ್ದ, ಹಾಗಾಗಿ ಬಿಳಿಯರ ಕ್ರಿಸ್ಮಸ್ ಸೀಸನ್ ಇಡೀ ದೇಶದಲ್ಲಿ ಅಲ್ಲೇ ಜೋರು. ಸಿಮ್ಲಾದ ಗೇಯಿಟಿ ಥಿಯೇಟರ್ 1887ರಲ್ಲಿ ಶುರು ಆಯ್ತಲ್ಲ, ಅದರ ಭರಾಟೆ ಬೇಸಿಗೇಲಿ, ಕ್ರಿಸ್ಮಸ್ ಹೊತ್ತಿಗೆ ಆ ಊರು ಖಾಲಿ.

ಕುತೂಹಲದ ವಿಷಯ ಏನಂದ್ರೆ ಬಂಗಾಳಿ ನಾಟಕದವರು ಇದನ್ನ ಸುಮ್ಮನೆ ನೋಡ್ತಾ ಕೂರಲಿಲ್ಲ. 1873ರ ಗ್ರೇಟ್ ನ್ಯಾಷನಲ್ ಥಿಯೇಟರನ್ನ ಲೂಯಿಸ್ ಥಿಯೇಟರ್ ಮಾದರೀಲೇ ಮರದಲ್ಲಿ ಕಟ್ಟಿದ್ರು. ಅದೇ ಕಾಲಕ್ಕೆ ಡೇವ್ ಕಾರ್ಸನ್ ಅನ್ನೋ ಒಬ್ಬ ಬಿಳಿಯ ಹಾಸ್ಯಗಾರ ಬಂಗಾಳಿ ಬಾಬುಗಳನ್ನ ಅಣಕಿಸಿ ಹಾಡಿ ದುಡ್ಡು ಮಾಡ್ತಿದ್ದ, ಅರ್ಧೇಂದು ಶೇಖರ ಮುಸ್ತಫಿ ಅನ್ನೋ ಬಂಗಾಳಿ ನಟ ಅದಕ್ಕೆ ಉತ್ತರವಾಗಿ ‘ಮುಸ್ತಫಿ ಸಾಹೇಬ್ ಕಾ ಪಕ್ಕಾ ತಮಾಷಾ’ ಅಂತ ಸಾಹೇಬರನ್ನೇ ಅಣಕಿಸಿ ಆಡಿದ. ಅಣಕ ಯಾವ ಕಡೆಗೆ ಬೇಕಾದ್ರೂ ತಿರುಗುತ್ತೆ! ಇತ್ತ ಪಾರ್ಸಿ ನಾಟಕ ಕಂಪನಿಗಳು ಯಂತ್ರದ ಭಾಗ ಎತ್ಕೊಂಡ್ವು, ಟ್ರ್ಯಾಪಿಂದ ಎದ್ದು ಬರೋ ರಾಕ್ಷಸ, ತಂತಿ ಮೇಲೆ ಹಾರೋ ಯಕ್ಷಿಣಿ, ಕಣ್ಣೆದುರೇ ಅರಮನೆ ಆಗೋ ಕಾಡು. ಅವರಿಂದ ದೇಶದ ಎಲ್ಲ ಕಂಪನಿ ನಾಟಕಗಳಿಗೂ ಬಂತು. ನಮ್ಮ ಹಳೇ ಕಂಪನಿಯವರು ಟ್ರಾನ್ಸ್‌ಫರ್ ಸೀನ್ ಅಂತ ಹ್ಯಾಂಡ್‌ಬಿಲ್ಲಲ್ಲಿ ಹಾಕ್ತಿದ್ದಿದ್ದು ಆ ವಂಶದ್ದೇ. ಆದ್ರೆ ಪ್ಯಾಂಟೊ ಕಥೆಗಳು ಮಾತ್ರ ನಮ್ಮಲ್ಲಿ ಬೇರು ಬಿಡಲಿಲ್ಲ, ಬೇಕಾಗೂ ಇರಲಿಲ್ಲ, ಮಾಯಾಬಜಾರ್ ಇಟ್ಕೊಂಡಿರೋರಿಗೆ ಸಿಂಡ್ರೆಲಾ ಯಾಕೆ.

ಆಸ್ಟ್ರೇಲಿಯಾದಿಂದ ಬಂದ ಇನ್ನೊಂದು ತಂಡದ ಕಥೆ ಬೇಜಾರಿನದು. ಪೊಲಾರ್ಡ್ ಕುಟುಂಬದ ಲಿಲಿಪುಟಿಯನ್ ಆಪೆರಾ ಕಂಪನಿ, ಬರೀ ಮಕ್ಕಳೇ ದೊಡ್ಡವರ ಕಾಮಿಕ್ ಆಪೆರಾ ಆಡೋದು, ಏಷ್ಯಾ ಪೂರ್ತಿ ಸುತ್ತುತ್ತಿದ್ರು. 1910ರಲ್ಲಿ ಇಂಡಿಯಾ ಟೂರಲ್ಲಿದ್ದಾಗ ಮ್ಯಾನೇಜರ್ ಮಕ್ಕಳನ್ನ ಕೆಟ್ಟದಾಗಿ ನಡೆಸ್ಕೊಂಡಿದ್ದು ಹೊರಗೆ ಬಂದು, ಮದ್ರಾಸಲ್ಲಿ ಕೇಸಾಗಿ, ಮಕ್ಕಳನ್ನ ವಾಪಸ್ ಕಳಿಸಬೇಕಾಯ್ತು. ಅದೇ ವರ್ಷ ಆಸ್ಟ್ರೇಲಿಯಾ ಸರ್ಕಾರ, ಆಟ ಆಡಿಸೋಕೆ ಅಂತ ಮಕ್ಕಳನ್ನ ಹೊರದೇಶಕ್ಕೆ ಕರ್ಕೊಂಡು ಹೋಗೋದಕ್ಕೆ ಕಡಿವಾಣ ಹಾಕಿ ಕಾನೂನು ತಂತು.

ಕೊನೇದಾಗಿ ನಿಮ್ಮ ಮಕ್ಕಳ ನಾಟಕ. ಟ್ರ್ಯಾಪ್, ಹಾರೋದು, ಬಣ್ಣದ ಪುಡಿ ಉರಿಸೋದು ಕನಸಲ್ಲೂ ಬೇಡ. ಜಾಲರಿ ಬಟ್ಟೆ ಟ್ರಿಕ್ ಮಾಡಿ, ಖರ್ಚು ಕಮ್ಮಿ, ಅಪಾಯ ಇಲ್ಲ, ನೋಡಿದವರು ಇವತ್ತಿಗೂ ಆಹಾ ಅಂತಾರೆ. ಸ್ಟೇಜ್ ಸಾಮಾನು ಮಾರೋರ ಹತ್ರ ಬೆಂಕಿ ಹಿಡಿಯದ ಹಾಗೆ ಮಾಡಿದ ಗಾಜ್ ಬಟ್ಟೆ ಬಾಡಿಗೆಗೇ ಸಿಗುತ್ತೆ, ಸೊಳ್ಳೆ ಪರದೆಗಿಂತ ಸ್ವಲ್ಪ ದಪ್ಪ. ಅದರ ಮೇಲೆ ತೆಳುವಾಗಿ ಒಂದು ಗುಡಿಸಲ ಗೋಡೆ ಬರೀರಿ, ಬಣ್ಣ ದಪ್ಪ ಬಳಿದ್ರೆ ತೂತು ಮುಚ್ಚಿ ಟ್ರಿಕ್ಕೇ ಸಾಯುತ್ತೆ. ಬಟ್ಟೆಯಿಂದ ಮೂರ್ನಾಲ್ಕು ಅಡಿ ಹಿಂದೆ ಮಕ್ಕಳನ್ನ ಅರಮನೆ ಡ್ರೆಸ್ಸಲ್ಲಿ ಸದ್ದಿಲ್ಲದೆ ನಿಲ್ಲಿಸಿ, ಅವರ ಹಿಂದೆ ಒಂದು ಕಪ್ಪು ಪರದೆ. ಬಟ್ಟೆಗೆ ಮೇಲಿಂದ ಇಲ್ಲಾ ಪಕ್ಕದಿಂದ ಓರೆಯಾಗಿ ಬೆಳಕು ಕೊಡಿ, ನೇರ ಎದುರಿಂದ ಕೊಟ್ರೆ ಬೆಳಕು ತೂರಿ ಹೋಗಿ ಹಿಂದಿನವರು ಕಾಣ್ತಾರೆ. ಹಿಂದುಗಡೆ ಪೂರ್ತಿ ಕತ್ತಲೆ ಇರೋವರೆಗೆ ಅದು ಗಟ್ಟಿ ಗೋಡೆ. ಮುಂದಿನ ಬೆಳಕು ಇಳಿಸ್ತಾ ಹಿಂದಿನದು ಏರಿಸ್ತಾ ಬನ್ನಿ, ಗೋಡೆ ಕರಗಿ ಅರಮನೆ ಬರುತ್ತೆ. ಹನ್ನೆರಡು ಹದಿನೈದು ಸೆಕೆಂಡ್ ತಗೊಳ್ಳಿ, ಲೈಟಿಂಗ್ ಹುಡುಗ ಅವಸರ ಮಾಡಿದ್ರೆ ಬೈದು ನಿಧಾನ ಮಾಡಿಸಿ. ಎಲ್ಲಕ್ಕಿಂತ ಮುಖ್ಯ, ಹಾಲಿನ ಬಾಗಿಲ ಸಂದಿಯಿಂದ, ಹಿಂದಿನ ಎಕ್ಸಿಟ್ ಬೋರ್ಡಿಂದ ಸ್ಟೇಜ್ ಹಿಂದಕ್ಕೆ ಎಲ್ಲಾದ್ರೂ ಬೆಳಕು ಬೀಳ್ತಿದೆಯಾ ಅಂತ ರಿಹರ್ಸಲ್ ದಿನವೇ ಕೊನೇ ಸಾಲಲ್ಲಿ ಕೂತು ನೋಡ್ಕೊಳ್ಳಿ, ಎಕ್ಸಿಟ್ ಬೋರ್ಡ್ ಮಾತ್ರ ಮುಚ್ಚಬೇಡಿ, ಬಟ್ಟೆಯನ್ನೇ ಒಂದೆರಡು ಅಡಿ ಮುಂದಕ್ಕೆ ತನ್ನಿ.